ಬಾಗಿಲಿಲ್ಲದ ಅಗ್ನಿಶಾಮಕ ಠಾಣೆ

ತುರ್ತು ನಿರ್ಗಮನದ ಫಲಕದಲ್ಲಿ ಓಡುತ್ತಿರುವ ಆ ಹಸಿರು ಮನುಷ್ಯನನ್ನು ನೀವೂ ನೋಡಿರುತ್ತೀರಿ. ಮಾಲಿನಲ್ಲಿ, ಆಸ್ಪತ್ರೆಯಲ್ಲಿ, ಒಂದು ಕಾಲನ್ನು ಮುಂದಿಟ್ಟು ಇನ್ನೊಂದನ್ನು ಹಿಂದೆ ಬಿಟ್ಟು, ಯಾವ ಬೆಂಕಿಯೂ ಇಲ್ಲದೆ ವರ್ಷಗಟ್ಟಲೆ ಓಡುವ ಈ ಮಹಾಶಯನನ್ನು ಎಲ್ಲೆಲ್ಲಿ ತೂಗುಹಾಕಬೇಕೆಂದು ನಿರ್ಧರಿಸುವುದೇ ದೋಹಾದಲ್ಲಿ ನನ್ನ ಜೀವನೋಪಾಯ. ಕಟ್ಟಡಗಳ ನಕ್ಷೆ ಬಿಡಿಸುವ ಒಂದು ಸಣ್ಣ ಕಚೇರಿಯಲ್ಲಿ ಹದಿನಾಲ್ಕು ವರ್ಷಗಳಿಂದ ಅಗ್ನಿಸುರಕ್ಷೆಯ ಬಾಣಗಳನ್ನು ಬಿಡುತ್ತಾ ಬಂದಿದ್ದೇನೆ. ಕಾಗದದ ಮೇಲಿನ ಬಾಣಗಳಾದ್ದರಿಂದ ಈವರೆಗೆ ಯಾರಿಗೂ ಗಾಯವಾಗಿಲ್ಲ. ನಿಜವಾದ ಬೆಂಕಿಯ ವಿಷಯದಲ್ಲಿ ನನ್ನ ಅನುಭವ ಒಗ್ಗರಣೆಯ ಮಟ್ಟವನ್ನು ದಾಟಿಲ್ಲ. ಅಲ್ಲಿಯೂ ಸಾಸಿವೆ ಸಿಡಿದಾಗ ಮೊದಲು ಹಿಂದೆ ಸರಿಯುವವನು ನಾನೇ.

ಈ ರಹಸ್ಯ ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಇಬ್ರಾಹಿಂ ಬ್ಯಾರಿಗಳಿಗೆ ತಿಳಿದಿರಲಿಲ್ಲ. ಹೋದ ಬೇಸಿಗೆಯಲ್ಲಿ ಬಂಟ್ವಾಳದಾಚೆಯ ಅವರ ಊರಿನ ಗುಡ್ಡದ ಒಣಹುಲ್ಲಿಗೆ ಬೆಂಕಿ ಬಿದ್ದು, ಅದು ಅವರ ತಂಗಿ ಖತೀಜಳ ದನದ ಹಟ್ಟಿಗೆ ಇಳಿದಿತ್ತು. ಪೇಟೆಯಿಂದ ಅಗ್ನಿಶಾಮಕ ವಾಹನ ಬರುವಷ್ಟರಲ್ಲಿ ಶಮನ ಮಾಡಲು ಅಗ್ನಿಯೇ ಉಳಿದಿರಲಿಲ್ಲ, ಬೂದಿ ಮಾತ್ರ ಇತ್ತು. ಎರಡು ದನಗಳ ಹಗ್ಗ ಬಿಚ್ಚುವುದರಲ್ಲಿ ಆಕೆಯ ಅಂಗೈ ಸುಟ್ಟಿತ್ತು. ಅಣ್ಣ ಇದನ್ನೆಲ್ಲ ಅಂಗಡಿಯ ಗಲ್ಲಾದ ಹಿಂದೆ ನಿಂತು ಫೋನಿನ ಪರದೆಯಲ್ಲಿ ನೋಡಬೇಕಾಯಿತು. "ನನ್ನ ಸುತ್ತ ನೀರಿನ ಬಾಟ್ಲಿ ಅಟ್ಟಿ ಅಟ್ಟಿ ಉಂಟು ಮಾರಾಯ್ರೆ," ಎಂದು ನನ್ನ ಮುಂದೆ ಕೈ ಚೆಲ್ಲಿದ್ದರು. "ಎಂತ ಮಾಡುದು ಅದರಿಂದ?"

ಊರಿಗೆ ತನ್ನದೇ ಸ್ವಯಂಸೇವಕರ ಅಗ್ನಿಶಾಮಕ ಠಾಣೆಯೊಂದು ಬೇಕೆಂದು ಅವರು ನಿಶ್ಚಯಿಸಿದ್ದು ಆಗಲೇ. ಅಲ್ ಹಿಲಾಲ್ ಬಡಾವಣೆಯಲ್ಲಿ ಕ್ಯಾಟರಿಂಗ್ ನಡೆಸುವ ಪ್ರಕಾಶ ಶೆಟ್ಟರು ಅರ್ಧ ಖರ್ಚು ತಮ್ಮದೆಂದರು. ನಕ್ಷೆ ನನ್ನ ಪಾಲಿಗೆ ಬಂತು. ಬೆಂಕಿಯ ಬಗ್ಗೆ ಓದಿಕೊಂಡವನು ಎಂಬ ಗೌರವವನ್ನು ಜನ ತಾವಾಗಿ ಕೊಡುವಾಗ ಬೇಡವೆನ್ನುವಷ್ಟು ವಿನಯ ನನಗಿಲ್ಲ.

ಕಟ್ಟಡ ಕಟ್ಟುವವನನ್ನು ಕಟ್ಟಿಹಾಕುವುದಕ್ಕೆಂದೇ ಹುಟ್ಟಿದ್ದು ಕಟ್ಟಳೆ. ಮೂರು ವಾರ ಜಗತ್ತಿನ ಎಲ್ಲ ಕಟ್ಟಳೆಗಳನ್ನೂ ಜಾಲಾಡಿದೆ. ವಾಹನ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಲು ಎರಡು ಮಹಾದ್ವಾರಗಳು. ಒದ್ದೆ ಪೈಪುಗಳನ್ನು ತೂಗುಹಾಕಿ ಒಣಗಿಸಲು ಒಂದು ಗೋಪುರ. ಮಸಿ ಹಿಡಿದ ಬಟ್ಟೆ ತೊಳೆಯಲು ಪ್ರತ್ಯೇಕ ಕೋಣೆ. ಸ್ತ್ರೀ ಪುರುಷರಿಗೆ ಬೇರೆ ಬೇರೆ ಸ್ನಾನಗೃಹ. ಕರೆ ಸ್ವೀಕರಿಸಲು ಹವಾನಿಯಂತ್ರಿತ ಕೊಠಡಿ. ಬೆಂಕಿ ಆರಿಸುವ ಠಾಣೆಗೇ ಬೆಂಕಿ ಬಿದ್ದರೆ ಏನು ಗತಿ ಎಂಬ ದೂರದೃಷ್ಟಿಯಿಂದ ಎರಡು ಹಸಿರು ಮನುಷ್ಯರನ್ನೂ ಸ್ಥಾಪಿಸಿದೆ.

ಒಂದು ಶುಕ್ರವಾರ ನಮಾಜಿನ ನಂತರ ಬ್ಯಾರಿಗಳ ಫ್ಲ್ಯಾಟಿನಲ್ಲಿ ಬಿರಿಯಾನಿಯ ಸಮ್ಮುಖದಲ್ಲಿ ನಕ್ಷೆ ಹರಡಿ, ಅಂದಾಜು ಪಟ್ಟಿ ಓದಿದೆ. ನಕ್ಷೆ ಅಂದವಾಗಿತ್ತು, ಅಂದಾಜು ಅಷ್ಟು ಅಂದವಾಗಿರಲಿಲ್ಲ. ಮೊತ್ತ ಕೇಳಿದ ಶೆಟ್ಟರ ತುತ್ತು ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತು. ಆಮೇಲೆ ಖರ್ಚು ಇಳಿಸುವ ಚರ್ಚೆ. ಗೋಪುರ ತೆಗೆದರೆ ಗಾಂಭೀರ್ಯ ಹೋಗುತ್ತದೆ ಎಂದೆ ನಾನು. ದಾನಿಗಳ ಹೆಸರಿನ ಅಮೃತಶಿಲೆಯ ಫಲಕ ತೆಗೆದರೆ ದಾನಿಗಳೇ ಹೋಗುತ್ತಾರೆ ಎಂದರು ಶೆಟ್ಟರು. ಗಂಟೆಯೊಂದರ ಬಳಿಕ ಸರ್ವಾನುಮತದಿಂದ ವಾಹನವನ್ನೂ ಪಂಪನ್ನೂ ಎರಡನೇ ಹಂತಕ್ಕೆ ತಳ್ಳಿದೆವು.

ಶುಭವಾರ್ತೆ ತಿಳಿಸಲು ಬ್ಯಾರಿಗಳು ತಂಗಿಗೆ ವಿಡಿಯೋ ಕರೆ ಮಾಡಿ ಫೋನನ್ನು ನಕ್ಷೆಯ ಮೇಲೆ ಹಿಡಿದರು. ಬ್ಯಾರಿ ಭಾಷೆ ಬಾರದ ನನಗಾಗಿ ಖತೀಜ ಕನ್ನಡದಲ್ಲೇ ಕೇಳಿದಳು:

"ಗಾಡಿ ಎಲ್ಲುಂಟು?"

ಚುಕ್ಕೆಗಳ ಆಯತವೊಂದನ್ನು ತೋರಿಸಿದೆ.

"ಅದು ಗೆರೆ ಅಲ್ವಾ? ಅದರಲ್ಲಿ ನೀರು ನಿಲ್ತದಾ?"

ಶೆಟ್ಟರು ಬಿರಿಯಾನಿಯ ಎಲುಬಿನಲ್ಲಿ ಆಸಕ್ತಿ ವಹಿಸಿದರು.

"ಹಾಲಿನ ಸೊಸೈಟಿಯ ಪಿಕಪ್ ಬೆಳಿಗ್ಗೆ ಹತ್ತರ ನಂತರ ಸುಮ್ನೆ ನಿಲ್ಲುದು," ಎಂದಳು ಆಕೆ. "ನಾವು ಹೆಂಗಸರೆಲ್ಲ ಸೇರಿ ಕೇಳಿ ಆಯ್ತು. ಅದಕ್ಕೊಂದು ಟ್ಯಾಂಕಿ, ಕಾರು ತೊಳೆಯುವವರ ಹಾಗೆ ಒಂದು ಪಂಪು ಕೊಡಿಸಿ. ಮೇಲೆ ಒಂದು ತಗಡಿನ ಮಾಡು ಸಾಕು. ಬಾಗಿಲು ಬೇಡ. ಹೋದ ಸಲ ಸಲಿಕೆ, ಬಕೆಟು ಎಲ್ಲ ಪಂಚಾಯಿತಿ ಕೋಣೆಯಲ್ಲಿ ಇತ್ತು. ಬೀಗದ ಕೈ ಹಿಡ್ಕೊಂಡವರು ಮದುವೆಗೆ ಹೋಗಿದ್ರು."

"ಸರಿ," ಎಂದೆ.

"ನೆಲ ರಸ್ತೆಗೆ ಇಳಿಜಾರಾಗಿ ಇರ್ಲಿ. ಆ ಗಾಡಿ ದೂಡದೆ ಸ್ಟಾರ್ಟ್ ಆಗುದಿಲ್ಲ. ನಿಂತಿರುವಾಗ ಚಕ್ರಕ್ಕೆ ಕಲ್ಲಿಟ್ರೆ ಆಯ್ತು. ಬರ್ಕೊಂಡ್ರಾ?"

ಬರೆದುಕೊಂಡೆ. ಹದಿನಾಲ್ಕು ವರ್ಷಗಳಲ್ಲಿ ಯಾವ ಕಟ್ಟಳೆಯನ್ನೂ ನಾನು ಅಷ್ಟು ಬೇಗ ಅರ್ಥಮಾಡಿಕೊಂಡಿರಲಿಲ್ಲ. ಬೇರೆಯವರ ನಿಯಮಗಳಿಗೂ ಒಂದೊಂದು ಸುಟ್ಟ ಅಂಗೈಯ ಕಾರಣ ಇದ್ದಿರಬಹುದು. ನಾನು ಕಾರಣ ಕೇಳದೆ ಅಳತೆ ಮಾತ್ರ ನಕಲು ಮಾಡಿಕೊಂಡಿದ್ದೆ. ಆ ಮಧ್ಯಾಹ್ನ ನಾಚಿಕೆಯಾಯಿತು, ಆದರೂ ಎರಡನೇ ಸಲ ಬಿರಿಯಾನಿ ಬಡಿಸಿಕೊಂಡೆ.

ಹೊಸ ನಕ್ಷೆಯಲ್ಲಿ ಆರು ಕಂಬ, ಒಂದು ತಗಡಿನ ಮಾಡು, ಇಳಿಜಾರು ನೆಲ, ಟ್ಯಾಂಕಿ ತುಂಬಿಸಲು ಒಂದು ನಲ್ಲಿ. ಗೋಡೆಯೇ ಇಲ್ಲದ್ದರಿಂದ ಹಸಿರು ಮನುಷ್ಯನಿಗೆ ಕೆಲಸವಿರಲಿಲ್ಲ. ಇದನ್ನು ಕಂಡ ಊರಿನ ಎಂಜಿನಿಯರರು ಇದಕ್ಕೆ ಪರವಾನಗಿ ಯಾಕೆ, ಇದು ಕಟ್ಟಡವೇ ಅಲ್ಲ ಎಂದು ನಕ್ಕು ಕಳಿಸಿದರಂತೆ. ಶೆಟ್ಟರ ಅಮೃತಶಿಲೆಗೆ ಗೋಡೆ ಸಿಗಲಿಲ್ಲ. ಅವರು ಎರಡು ದಿನ ಮುನಿಸಿಕೊಂಡು, ಮೂರನೇ ದಿನ ಪಂಪಿನ ದುಡ್ಡು ಕಳಿಸಿದರು.

ಈ ಬೇಸಿಗೆಯಲ್ಲಿ ಗುಡ್ಡಕ್ಕೆ ಮತ್ತೆ ಬೆಂಕಿ ಬಿತ್ತು. ನಾನು ಮೊಸರು ಕೊಳ್ಳಲು ಅಂಗಡಿಗೆ ಹೋದಾಗ ಬ್ಯಾರಿಗಳು ಫೋನು ಹಿಡಿದು ನಿಂತಿದ್ದರು. ಪರದೆಯಲ್ಲಿ ಆಕಾಶ, ಯಾರದೋ ಚಪ್ಪಲಿ, ಹೊಗೆ, "ದೂಡು, ದೂಡು!" ಎಂಬ ಕೂಗು, ಆಮೇಲೆ ಪಿಕಪ್ಪಿನ ಕೆಮ್ಮು. ಒಬ್ಬ ಗಿರಾಕಿ "ಯಲ್ಲಾ, ಯಲ್ಲಾ" ಎಂದು ಅವಸರ ಮಾಡಿದ. ಬ್ಯಾರಿಗಳು ತಲೆಯೆತ್ತದೆ ಕೈಯಿಂದ ಬ್ರೆಡ್ಡು ಒಯ್ಯಲು ಸನ್ನೆ ಮಾಡಿದರು. ಕರೆ ಕಡಿಯಿತು. ಮುಕ್ಕಾಲು ಗಂಟೆ ಕಳೆಯಿತು. ನನ್ನ ಕೈಯಲ್ಲಿ ಮೊಸರು ಬೆಚ್ಚಗಾಯಿತು.

ಮತ್ತೆ ವಿಡಿಯೋ ಕರೆ ಬಂತು, ಆಚೆ ಫೋನು ಹಿಡಿದಿದ್ದವಳು ಯಾರೋ ಹುಡುಗಿ. ಬೆಂಕಿ ನೆರೆಮನೆಯ ಗುಲಾಬಿ ಎಂಬಾಕೆಯ ಬೇಲಿಯ ಬಳಿ ನಿಂತಿತ್ತು, ಮನೆ ಉಳಿದಿತ್ತು. ಪಿಕಪ್ಪಿನ ಮುಂದೆ ಎಂಟು ಹತ್ತು ಹೆಂಗಸರು ಸಾಲಾಗಿ ನಿಂತಿದ್ದರು. ಅಡಿಯಿಂದ ಮುಡಿವರೆಗೆ ಎಲ್ಲರೂ ಒಂದೇ ಮಸಿ, ಹಲ್ಲು ಮಾತ್ರ ಬಿಳಿ. ಬ್ಯಾರಿಗಳು ಕನ್ನಡಕ ಒರೆಸಿ ಪರದೆಯನ್ನು ಮೂಗಿನ ಹತ್ತಿರ ತಂದುಕೊಂಡರು.

"ಇದರಲ್ಲಿ ನಮ್ಮ ಖತೀಜ ಯಾರು ಮಾರಾಯ್ತಿ?"

ಆಚೆ ಕಡೆ ನಗು ಸ್ಫೋಟಿಸಿತು. ಸಾಲಿನಲ್ಲಿದ್ದ ಎಲ್ಲರೂ ಕೈ ಎತ್ತಿದರು.