ಪ್ರಹ್ಲಾದ ಮೇಷ್ಟ್ರು ಕೊಟ್ಟ ಉದಾಹರಣೆ

ಕೊಯಮತ್ತೂರಿನ ಪ್ರಹ್ಲಾದ ಮೇಷ್ಟ್ರಿಗೆ ಇಂಗ್ಲಿಷ್ ಪದ ಒಂದು ಸಿಕ್ಕಿದರೆ ಸಾಕು, ಅದರ ಅಜ್ಜ ಮುತ್ತಜ್ಜರನ್ನೆಲ್ಲ ಹುಡುಕಿ ತಂದು ಕೂರಿಸೋರು. ಮನೆಯಲ್ಲಿ ಉಪ್ಪು ಮುಗಿದದ್ದು ತಿಳಿಯದಿದ್ದರೂ ‘ಸಾಲ್ಟ್’ ಎಲ್ಲಿಂದ ಬಂತು ಅನ್ನೋದು ಗೊತ್ತಿರುತ್ತೆ ಅಂತ ಹೆಂಡತಿ ರಾಧಮ್ಮ ಆಡಿಕೊಳ್ಳೋರು. ಅಂಥ ಮನುಷ್ಯ ಪಾಠದಲ್ಲಿ ‘ಜೆಪರ್ಡೈಸ್’ ಅನ್ನೋ ಪದ ಬಂದರೆ ಮಾತ್ರ, ‘ಅಪಾಯಕ್ಕೆ ಒಡ್ಡೋದು’ ಅಂತ ಒಂದೇ ಮಾತಲ್ಲಿ ಮುಗಿಸಿ ಪುಟ ತಿರುವಿಬಿಡೋರು. ಯಾಕೆ ಅಂತ ಹೇಳ್ತೀನಿ ಕೇಳಿ, ಹೇಳಿಕೊಳ್ಳೋಕೆ ನಾಚಿಕೆಯಾಗೋ ಸಂಗತಿ.

೧೯೩೭ರ ಸುಮಾರು. ಸ್ಕೂಲು ಮುಗಿಸಿಕೊಂಡು ಸಂಜೆ ಅವರು ಮಿಲ್ ಮಾಲೀಕ ಸೋಮಸುಂದರಂ ಮುದಲಾಳಿಯ ಬಂಗಲೆಗೆ ಹೋಗಿ ಇಂಗ್ಲಿಷ್ ಹೇಳಿಕೊಡೋರು. ಯಂತ್ರ ಮಾರಲು ಬರುವ ದೊರೆಗಳ ಜೊತೆ ತಾನೇ ಮಾತಾಡಬೇಕು ಅನ್ನೋದು ಮುದಲಾಳಿಯ ಹಟ. ಒಂದಿನ ಆತ ಈ ಪದದ ಅರ್ಥ ಕೇಳಿದ. ಮೇಷ್ಟ್ರ ಮುಖ ಅರಳಿತು. ಇದು ಹಳೇ ಫ್ರೆಂಚರ ಮಾತು, ಸರಿಪಾಲಾದ ಆಟ ಅಂತ ಅರ್ಥ, ಯಾರು ಗೆಲ್ಲುತ್ತಾರೋ ಹೇಳೋಕಾಗದ ಆಟ. ಇಂಗ್ಲಿಷಿಗೆ ಬಂದಮೇಲೆ ಆಟ ಹೋಗಿ ಅಪಾಯ ಒಂದೇ ಉಳೀತು ಅಂದರು. ‘ಮಾನ, ಪ್ರಾಣ, ಕೆಲಸ, ಇಂಥ ಬೇಕಾದ್ದನ್ನ ಕಳಕೊಳ್ಳೋ ಹಾಗೆ ಮಾಡೋದಕ್ಕೇ ಈ ಪದ. ಹರಕು ಚಪ್ಪಲಿಗೆ ಹೇಳೋ ಹಾಗಿಲ್ಲ.’

‘ನಮ್ಮೂರಿನದೇ ಒಂದು ಉದಾಹರಣೆ ಹೇಳಿ ವಾದ್ಯಾರೇ,’ ಅಂದ ಮುದಲಾಳಿ, ತಮಿಳಲ್ಲಿ.

ಪುಸ್ತಕದ್ದೊಂದು ಹೇಳಿದ್ದರೆ ಆಗಿತ್ತು. ನಾಲಿಗೆಗೆ ಎಲುಬಿಲ್ಲವಲ್ಲ. ‘ನಮ್ಮ ಪಕ್ಕದ ಮನೆ ರಾಮಲಿಂಗಂ ನಿಮ್ಮ ಮಿಲ್ಲಲ್ಲೇ ಇದ್ದಾನೆ, ಒಳ್ಳೇ ಕೆಲಸ. ಆದರೂ ಕದ್ದುಮುಚ್ಚಿ ಕೂಲಿಕಾರರ ಸಂಘದ ಮೀಟಿಂಗಿಗೆ ಹೋಗ್ತಾನೆ. ಹೀ ಜೆಪರ್ಡೈಸಸ್ ಹಿಸ್ ಜಾಬ್.’ ಮುದಲಾಳಿ ತಲೆಯಾಡಿಸಿ, ಈಗ ಚೆನ್ನಾಗಿ ಅರ್ಥವಾಯ್ತು ಅಂದ. ಮೇಷ್ಟ್ರು ಹಿಗ್ಗಿಕೊಂಡೇ ಮನೆಗೆ ಬಂದರು.

ಆ ವಾರವೇ ರಾಮಲಿಂಗಂನನ್ನು ಮಿಲ್ ಗೇಟಿನಲ್ಲೇ ನಿಲ್ಲಿಸಿ ವಾಪಸ್ ಕಳಿಸಿದರು. ಅವಿನಾಶಿ ಕಡೆಯ ನೇಕಾರ, ಮಗ್ಗ ಮಾರಿ ಮಿಲ್ಲನ್ನೇ ನಂಬಿಕೊಂಡು ಬಂದಿದ್ದವನು. ಮೀಟಿಂಗಿನ ವಿಷಯ ಹೊರಗಿನವರಲ್ಲಿ ಅವನು ಹೇಳಿದ್ದು ಮೇಷ್ಟ್ರೊಬ್ಬರಿಗೇ. ಹಿತ್ತಲ ಗೋಡೆಗೆ ಒರಗಿಕೊಂಡು, ಇಬ್ಬರ ಮನೆಮಾತೂ ಆದ ಕನ್ನಡದಲ್ಲಿ, ಇವರು ನಮ್ಮೋರಲ್ವಾ ಅಂತ ಹೇಳಿದ್ದ.

ಅವನ ಹೆಂಡತಿ ತಂಗಮಣಿ ಬಂದು ಬಾಗಿಲಲ್ಲಿ ನಿಂತಳು. ‘ಸಂಘದೋರೇ ಯಾರೋ ಚಾಡಿ ಹೇಳವ್ರೆ ಸಾಮಿ, ಅವ್ರ ಮನೆ ಹಾಳಾಗ. ನೀವು ಮುದಲಾಳಿ ಮನೆಗೆ ಹೋಗಿ ಬರೋರು. ನಿಮ್ಮ ಬಾಯಿಂದ ಒಂದು ಮಾತು ಬಂದ್ರೆ ಸಾಕು.’

ನೆಲ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ಮೇಷ್ಟ್ರಿಗೆ. ‘ಹೇಳ್ತಾರೆ ಬಿಡು ತಂಗಮಣಿ,’ ಅಂದರು ರಾಧಮ್ಮ ಒಳಗಿಂದ, ಏನೂ ಅರಿಯದೆ.

ಅಂದು ಪಾಠ ಮುಗಿದ ಮೇಲೆ ಮೇಷ್ಟ್ರು, ‘ನಾನು ಹೇಳಿದ್ದು ಬರೀ ಉದಾಹರಣೆ ಸಾರ್. ರಾಮಲಿಂಗಂನನ್ನ ವಾಪಸ್ ತಗೊಳ್ಳಿ, ಮಕ್ಕಳೊಂದಿಗ,’ ಅಂದರು. ಮುದಲಾಳಿ ಎಲೆಗೆ ಸುಣ್ಣ ಸವರುತ್ತಾ, ಪದಕ್ಕೆ ಪದ ಜೋಡಿಸಿಕೊಂಡು ಇಂಗ್ಲಿಷಿನಲ್ಲೇ ಹೇಳಿದ: ‘ಮಾಸ್ಟರ್, ಡು ನಾಟ್ ಜೆಪರ್ಡೈಸ್ ಯುವರ್ ಟ್ಯೂಷನ್.’ ನಿಮ್ಮ ಪಾಠದ ಕೆಲಸಕ್ಕೆ ನೀವೇ ಕುತ್ತು ತಂದುಕೊಳ್ಳಬೇಡಿ ಅಂತ.

ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ‘ವೆರಿ ಗುಡ್,’ ಅಂದುಬಿಟ್ಟರು ಮೇಷ್ಟ್ರು, ಅಭ್ಯಾಸಬಲ. ಅಂದಮೇಲೆ ತಮ್ಮ ಬಾಯಿಯ ಮೇಲೆ ತಮಗೇ ಅಸಹ್ಯವಾಯ್ತು.

ಮನೆ ತಲುಪೋಷ್ಟರಲ್ಲಿ ತಂಗಮಣಿ ಜಗಲಿ ಮೇಲೆ ಕಾದು ಕೂತಿದ್ದಳು.

‘ಹೇಳಿದ್ರಾ ಸಾಮಿ?’

‘ಹೇಳಿದೆ.’

ಅವಳು ಎದ್ದು ಎರಡೂ ಕೈ ಮುಗಿದಳು. ಕೈ ಇಳಿಸಮ್ಮ, ಚಾಡಿ ಹೇಳಿದವನು ನಾನೇ ಅನ್ನೋಕೆ ಮೇಷ್ಟ್ರಿಗೆ ಬಾಯಿ ಬರಲಿಲ್ಲ. ತಲೆ ತಗ್ಗಿಸಿಕೊಂಡು ಒಳಗೆ ಹೋದರು. ಮರುದಿನ ಸಂಜೆ, ಎಂದಿನ ಹಾಗೆ, ಬಂಗಲೆಗೆ ಪಾಠಕ್ಕೂ ಹೋದರು.