ಕಾಕಾ ಬದಲಿಸಿಕೊಂಡ ಸೈಕಲ್

ಆ ಕೊನೆಯ ಭಾನುವಾರವೂ ಪಕ್ಕದ ಮನೆಯ ಕಾಕಾ ನನ್ನ ಹೊಸ ಅಲ್ಯೂಮಿನಿಯಂ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ, "ಇದು ಸೈಕಲ್ಲೋ ಹಪ್ಪಳನೋ?" ಎಂದು ಕಾಡಿಸಿದರು. ಅವರದು ಹಳೆಯ ಉಕ್ಕಿನ ಸೈಕಲ್. ಒಮ್ಮೆ ಫ್ರೇಮ್ ಮುರಿದಾಗ ಸನತ್‌ನಗರದಲ್ಲಿ ವೆಲ್ಡಿಂಗ್ ಮಾಡಿಸಿ, ಅದೇ ಸಂಜೆ ತುಳಿದುಕೊಂಡು ಬಂದಿದ್ದರು. ಆ ಬೆಸುಗೆಯನ್ನು ಹೆಬ್ಬೆರಳಿನಿಂದ ಸವರುತ್ತ, "ಮುರಿದ್ರ ಬೆಸಿಯಾಕ ಬರಬೇಕು, ತಮ್ಮಾ" ಎನ್ನುವುದು ಅವರ ರೂಢಿ. ಅಂಗಡಿಯೊಂದರಲ್ಲಿ ಇನ್ನೂ ಹಗುರವಾದ ಕಾರ್ಬನ್ ಫೈಬರ್ ಸೈಕಲ್ಲನ್ನು ಉಂಗುರದಿಂದ ಬಡಿದು, "ಬಕೀಟಿನ ಸಪ್ಪಳ ಐತಿ" ಎಂದು ನಕ್ಕಿದ್ದರು.

ಆದರೆ ಉಕ್ಕಿನ ಭಾರಕ್ಕೆ ಏರಿನಲ್ಲಿ ಅವರಿಗೆ ಏದುಸಿರು ಬರುತ್ತಿತ್ತು. ನಮ್ಮ ಭಾನುವಾರದ ಸವಾರಿಯನ್ನೇ ಬಿಟ್ಟಾರೆಂದು ನನಗೆ ಹೆದರಿಕೆ.

ಅಂದು ಲಿಂಗಂಪಲ್ಲಿ ಹತ್ತಿರದ ಏರಿನಲ್ಲಿ ಇಳಿದು, ತಮ್ಮ ಸೈಕಲ್ಲನ್ನು ನನ್ನ ಕೈಗೆ ಕೊಟ್ಟು ನನ್ನದನ್ನು ಕಸಿದುಕೊಂಡರು. ಗುಂಡಿ ಬಂದಾಗಲೆಲ್ಲ, "ಎಲುಬು ಎಣಿಸಾಕತ್ತೈತಿ ಇದು!" ಎಂದು ಬೈಯುತ್ತಲೇ ನನಗಿಂತ ಮೊದಲು ಏರು ಹತ್ತಿದರು. ಮೇಲೆ ನಿಂತು ಮೀಸೆ ತಿರುವಿ, "ಮುಂದಿನ ವಾರಾನೂ ಬದಲಿ ಮಾಡೂಣು. ನಿಮ್ಮ ಕಾಕುಗ ಹೇಳಬ್ಯಾಡ" ಎಂದರು.

ಬುಧವಾರ ಅವರು ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಂಡತಿ ಕಾಕು ಆ ಉಕ್ಕಿನ ಸೈಕಲ್ಲನ್ನು ನನಗೇ ಕೊಟ್ಟರು. ಈಗ ಎರಡೂ ನನ್ನ ಬಳಿ ಇವೆ. ಬದಲಿಸಿಕೊಳ್ಳಲು ಕಾಕಾ ಇಲ್ಲ.