ಮಾಸ್ತರರ ಕುಸುಬಿ ಹೊಲ

ಟ್ರಂಕು ತೆರೆದ ಕೂಡಲೇ ಡಾಂಬರು ಗುಳಿಗೆಯ ವಾಸನೆ ಬಂತು. ಹೆಂಡತಿ ಆ ಸೀರೆ ಹೊರಗೆ ತೆಗೆದಳು. ಹಳದಿ ಮೈ, ಸೆರಗಿನ ಕಡೆ ಹೋಗುತ್ತ ಹೋಗುತ್ತ ಕೆಂಪು. ಅದು ಕಂಡಾಗಲೆಲ್ಲ ನಾನು ಮುಖ ತಿರುಗಿಸುತ್ತಲೇ ಬಂದಿದ್ದೇನೆ...

ಎರಡು ಸಾವಿರದ ಎರಡೋ ಮೂರೋ ಇರಬೇಕು, ಫ್ಲೆಕ್ಸ್ ಇನ್ನೂ ಬಂದಿರಲಿಲ್ಲ. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಿಂದ ಪೇಟೆಯ ಕೊನೆಯವರೆಗೆ ಅಂಗಡಿಗಳ ಬೋರ್ಡೆಲ್ಲ ನನ್ನ ಕೈಯವೇ. ಊರಲ್ಲಿ ಪೇಂಟರ್ ಅಂದರೆ ನಾನು. ಆಗ ಸಾಲೆಗೆ ಡ್ರಾಯಿಂಗ್ ಮಾಸ್ತರೊಬ್ಬರು ವರ್ಗವಾಗಿ ಬಂದರು.

ಡಬ್ಬಿಯ ಬಣ್ಣ ಮುಟ್ಟುವವರಲ್ಲ. ಸೈಕಲ್ ಮೇಲೆ ಹೋಗಿ ಗುಡ್ಡದ ಕೆಮ್ಮಣ್ಣು, ಅಸೂಟಿ ಊರಿನ ಕರಿ ಎರೆಮಣ್ಣು ತರುವರು. ಹಳದಿಗೆ ಅಡುಗೆಮನೆಯ ಅರಿಷಿಣ. ಎಲ್ಲವನ್ನೂ ಜಾಲಿಯ ಅಂಟಿನಲ್ಲಿ ಕಲಸುವರು. ಬೆಳವಣಕಿ ದಾರಿಯಲ್ಲಿ ಹೊಲದ ಬದುವಿನ ಮೇಲೆ ಕೂತರೆಂದರೆ ತಾಸುಗಟ್ಟಲೆ ಹಳದಿ ಕುಸುಬಿ ಹೂವು ನೋಡುವರು. ಕೆಲಸವಿಲ್ಲದ ಬಡಗಿ ಎಂದು ನಾನು ನಕ್ಕೆ. ಅವರ ಚಿತ್ರ ನೋಡಿದ ಊರಿನ ಜನ ನಗಲಿಲ್ಲ. “ಮಾಸ್ತರ ಕೈಯಾಗ ಜೀವ ಐತಿ” ಎಂದು ನನ್ನ ಅಂಗಡಿಯ ಮುಂದೆಯೇ ನಿಂತು ಹೇಳತೊಡಗಿದರು. ನನ್ನ ಹೆಂಡತಿಯೂ ಅದನ್ನೇ ಹೇಳಿದಳು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ನಮ್ಮ ನೇಕಾರರು ಅವೇ ಹಳೆಯ ಬಣ್ಣ ನೇಯ್ದು ಬೇಸತ್ತಿದ್ದರು. ಅವರಿಗೆ ಹೊಸದೇನಾದರೂ ಹೊಳೆಯಲಿ ಎಂದು ಮಾಸ್ತರು ಮಗ್ಗದ ಮನೆಯ ಹೊರಗೋಡೆಗೆ ಕುಸುಬಿ ಹೊಲ ಬರೆಯಲು ನಿಂತರು. ಆ ಗೋಡೆಗೆ ಎರಡೇ ದಿನದ ಹಿಂದೆ ಸುಣ್ಣ ಬಳಿದವನು ನಾನು.

“ಸುಣ್ಣಾ ಹಚ್ಚಿ ಎಷ್ಟ ದಿನಾ ಆತ್ರಿ?” ಎಂದು ನನ್ನನ್ನೇ ಕೇಳಿದರು.

“ತಿಂಗಳ ಮ್ಯಾಲಾತ್ರಿ” ಎಂದೆ.

ಹಸಿ ಸುಣ್ಣ ತಾಗಿದರೆ ಅರಿಷಿಣ ಕೆಂಪಾಗುತ್ತದೆ, ಸುಣ್ಣ ಹಳತಾದರೆ ಆಗದು. ಆರತಿಯ ನೀರು ಕಲಸುವ ಹುಡುಗಿಗೂ ಗೊತ್ತಿರುವ ಮಾತು. ಓಣಿಯವರೆದುರು ಒಮ್ಮೆ ಅವರ ಮಾನ ಹೋದರೆ ಸಾಕು ಎನ್ನುವುದಷ್ಟೇ ನನ್ನ ಆಸೆ.

ಕೆಳಗಿನಿಂದ ಹಚ್ಚುತ್ತ ಬಂದ ಹಳದಿ ಎಲ್ಲರ ಕಣ್ಣೆದುರೇ ಕೆಂಪಾಗತೊಡಗಿತು. ಮಾಸ್ತರು ಕೈ ನಿಲ್ಲಿಸಿದರು. ಗೋಡೆ ಮುಟ್ಟಿ ಬೆರಳು ಮೂಸಿದರು, ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಜನರಿಗೆ, “ಕುಸುಬಿ ಹೂವು ಬಾಡುಮುಂದ ಹಿಂಗ ಕೆಂಪಾಗತೈತ್ರಿ, ನಾನೂ ಮರ್ತಿದ್ದೆ” ಎಂದರು. ಆ ಕೆಂಪನ್ನು ಹಾಗೇ ಬಿಟ್ಟು ಹೋದವರು, ತಿಂಗಳು ಕಳೆದ ಮೇಲೆ ಬಂದು ಮೇಲಿನ ಹಳದಿ ಮುಗಿಸಿದರು.

ಊರೇ ನೋಡಲು ಬಂತು. ನೇಕಾರರು ಆ ಎರಡು ಬಣ್ಣವನ್ನೇ ಸೀರೆಗೆ ಇಳಿಸಿದರು. ಮೊದಲ ಸೀರೆ ಮಾಸ್ತರೇ ಕೊಂಡು ನಮ್ಮ ಮನೆಗೆ ತಂದು, “ತಗೋ ತಂಗಿ, ಈ ಕೆಂಪು ನಿನ್ನ ಗಂಡ ಕೊಟ್ಟಿದ್ದು” ಎಂದರು. ಬೈದಿದ್ದರೆ ಎಷ್ಟೋ ಚಲೋ ಇತ್ತು. ಇದರಲ್ಲೂ ಅವರೇ ದೊಡ್ಡವರಾದರಲ್ಲ ಎಂದು ಇನ್ನಷ್ಟು ಉರಿದೆ. ಅವರಿಗೆ ರೋಣಕ್ಕೆ ವರ್ಗವಾದಾಗ ಕಳಿಸಲು ಬಸ್‌ಸ್ಟ್ಯಾಂಡಿಗೂ ಹೋಗಲಿಲ್ಲ.

ಆಮೇಲೆ ಫ್ಲೆಕ್ಸ್ ಬಂತು, ನನ್ನ ಬೋರ್ಡುಗಳು ಒಂದೊಂದಾಗಿ ಇಳಿದವು. ಆ ಗೋಡೆಯೂ ಬಿತ್ತು...

ನಿನ್ನೆ ರೋಣದಿಂದ ಸುದ್ದಿ ಬಂತು. ಮಾಸ್ತರು ಹೋದರು.

“ಅವರ ಮನಿಯವರನ್ನ ಮಾತಾಡ್ಸಿ ಬರೂಣ್ರಿ. ನಾ ಇದನ್ನ ಉಟಗೊಂಡು ಬರ್ತೀನಿ” ಎಂದು ಹೆಂಡತಿ ಸೀರೆಯ ಒಂದು ತುದಿ ನನ್ನ ಕೈಗೆ ಕೊಟ್ಟಳು, ಮಡಿಕೆ ಬಿಡಿಸಲು. ಅವಳ ಕಣ್ಣು ತುಂಬಿತ್ತು. ಸತ್ತವರ ಮೇಲೂ ಒಂದು ಗಳಿಗೆ ನನಗೆ ಹೊಟ್ಟೆಕಿಚ್ಚಾಯಿತು.

ಕೈಯಲ್ಲಿದ್ದದ್ದು ಕೆಂಪು ಸೆರಗು. ಸುಣ್ಣ ಹಚ್ಚಿ ಎರಡೇ ದಿನ ಆಗಿತ್ತು ಎಂದು ಅವಳಿಗೆ ಹೇಳಬೇಕು, ಬಸ್ಸು ಹತ್ತುವ ಮೊದಲೇ. ಮಾಸ್ತರಿಗೆ ಹೇಳುವುದು ಉಳಿದೇಹೋಯಿತು.